ಉದುರಿದಲ್ಲಿ ಸುಣ್ಣ

ಭಾವ ಗಾರೆ ಕೆಲಸದವನು. ಗೋಡೆಯ ಸುಣ್ಣ ಉದುರಿದರೆ ಅಲ್ಲಿ ಸುಣ್ಣ ಮೆತ್ತಬೇಕು, ಅವನ ಬುದ್ಧಿ ಓಡುವುದೇ ಹಾಗೆ. ಅಕ್ಕನ ಎದೆಯ ಕ್ಯಾನ್ಸರ್ ಮೂಳೆಗೆ ಹರಡಿದಾಗ ಆಸ್ಪತ್ರೆಯಲ್ಲಿ ಯಾರೋ "ಮೂಳೆಯ ಸುಣ್ಣ ಕರಗ್ತಿದೆ" ಅಂದದ್ದೇ ತಡ, ಆ ಮಹಾನುಭಾವ ಯಾರನ್ನೂ ಕೇಳದೆ ಡಬ್ಬಿಗಟ್ಟಲೆ ಕ್ಯಾಲ್ಸಿಯಂ ಮಾತ್ರೆ ತಂದು ನುಂಗಿಸತೊಡಗಿದ.

ತಂಗಿ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಅಕ್ಕನ ಮನೆಗೆ ಬಂದು ನೋಡಿದರೆ ಅಕ್ಕ ಗೋಡೆ ಕಡೆ ಮುಖ ಮಾಡಿ ಬಿದ್ದುಕೊಂಡಿದ್ದಳು. ಇಡೀ ಶಾಲೆಯನ್ನು ಕಣ್ಸನ್ನೆಯಲ್ಲೇ ಕೂರಿಸುತ್ತಿದ್ದ ಹೆಡ್‌ಮೇಡಂ ಅವಳು. ಈಗ ತಂಗಿಯನ್ನು ನೋಡಿ, "ಅಮ್ಮಾ, ನೀರು" ಅಂದಳು.

"ಭಾವ, ಇವಳಿಗೆ ನೀರು ಕೊಟ್ಟಿಲ್ವಾ?"

"ಕೊಟ್ರೆ ಗಳಿಗೆಗೊಂದು ಸಲ ಒಂದಕ್ಕೆ ಏಳ್ತಾಳೆ. ಬಿದ್ದು ಸೊಂಟ ಮುರ್ಕೊಂಡ್ರೆ? ಅದಕ್ಕೇ ಕಮ್ಮಿ ಮಾಡಿದೀನಿ."

"ನಾನ್ಯಾರು ಅಂತಾನೇ ಗೊತ್ತಾಗ್ತಿಲ್ಲ ಅವಳಿಗೆ!"

"ಕೊನೇಲಿ ಹೀಗೇ ಅಂತೆ. ಪಕ್ಕದ ರಸ್ತೆ ಡಾಕ್ಟ್ರು ಹೇಳಿದ್ರು. ನೆಮ್ಮದಿಯಾಗಿ ಹೋಗ್ಲಿ ಬಿಡು."

ತಂಗಿಗೆ ನಖಶಿಖಾಂತ ಉರಿಯಿತು. ನಾಲಿಗೆ ಒಣಗಿ ಅಂಟಿಕೊಂಡವಳಿಗೆ ಎಂಥ ನೆಮ್ಮದಿ? ಹಾಸಿಗೆ ಒದ್ದೆಯಾಗದಿದ್ದರೆ ನೆಮ್ಮದಿ ಇವನಿಗೆ. ತುಂಬಿದ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು ಬೀದಿಗೆಲ್ಲ ಕೇಳುವಂತೆ ಏರಿತು.

"ಗಾಡಿ ತರಿಸ್ತೀರೋ, ನಾನೇ ಹೊತ್ಕೊಂಡು ಹೋಗ್ಲೋ?"

ಗಾಡಿ ಬಂತು. ಆಸ್ಪತ್ರೆಯ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. "ಮೂಳೆಯಿಂದ ಕರಗಿದ ಕ್ಯಾಲ್ಸಿಯಂ ರಕ್ತಕ್ಕೆ ಸೇರಿ ವಿಪರೀತ ಏರಿದೆ. ಬಾಯಾರಿಕೆ, ಮಂಪರು, ಗುರುತು ಸಿಗದೇ ಇರೋದು, ಎಲ್ಲಾ ಅದರಿಂದಾನೇ. ಸಾಲದು ಅಂತ ಮಾತ್ರೆ ಬೇರೆ ಕೊಟ್ಟಿದೀರಿ, ನೀರೂ ಕಡಿಮೆ ಮಾಡಿದೀರಿ."

"ಹಾಗಾದ್ರೆ ನಾನೇ..." ಎಂದ ಭಾವ.

"ಮೂಲ ಕಾರಣ ಕಾಯಿಲೆ. ನೀವಲ್ಲ."

ಆ ಸಮಾಧಾನ ತಂಗಿಗೆ ಒಂದಿಷ್ಟೂ ಹಿಡಿಸಲಿಲ್ಲ. ಬೈಸಿಕೊಳ್ಳಬೇಕಾದವನು ಇಷ್ಟು ಸುಲಭವಾಗಿ ಪಾರಾಗುವುದೆಂದರೇನು?

ಡ್ರಿಪ್ ಹಾಕಿದರು, ಮೂಳೆ ಕರಗುವುದನ್ನು ತಡೆಯುವ ಔಷಧಿ ಕೊಟ್ಟರು. ಕೆಲವು ದಿನ ಕಳೆದ ಮೇಲೆ ಅಕ್ಕ ಕಣ್ಣರಳಿಸಿ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಏನೇ ಆ ಕಾಲರ್ರು, ಒಗೆದು ಎಷ್ಟು ವರ್ಷ ಆಯ್ತು?"

ತಂಗಿ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಡಾಕ್ಟರಮ್ಮ ಬಂದು ಭಾವನಿಗೆ ಮೆಲ್ಲನೆ ಹೇಳಿದರು. "ಕಾಯಿಲೆ ಹೋಗಿಲ್ಲ, ಕ್ಯಾಲ್ಸಿಯಂ ಮತ್ತೆ ಏರುತ್ತೆ. ಆಗ ಕರ್ಕೊಂಡು ಬರಬೇಕಾ ಹೇಗೆ ಅಂತ ಮನೆಯವರು ಮಾತಾಡ್ಕೊಳ್ಳಿ."

"ಬಂದೇ ಬರ್ತೀವಿ" ಎಂದು ತಂಗಿ ಬಾಯಿ ಹಾಕಿದಳು.

"ಕಾಯಿಲೆ ನನ್ನದು, ಮಾತುಕತೆ ಮಾತ್ರ ನಿಮ್ಮದಾ?" ಅಕ್ಕ ಗದರಿಸಿದಳು. "ಬುದ್ಧಿ ನೆಟ್ಟಗಿರೋವಾಗ್ಲೇ ಹೇಳ್ತೀನಿ, ಕೇಳ್ಸ್ಕೊಳ್ಳಿ ಡಾಕ್ಟ್ರೇ. ಮುಂದಿನ ಸಲ ಬೇಡ. ನೋವಾಗದ ಹಾಗೆ ನೋಡ್ಕೊಳ್ಳಿ, ಸಾಕು."

"ಇದಕ್ಕೇನೇ ನಾನು ಅಷ್ಟು ಬಡ್ಕೊಂಡಿದ್ದು?" ತಂಗಿಯ ಕೂಗಿಗೆ ವಾರ್ಡಿಗೆ ವಾರ್ಡೇ ತಿರುಗಿತು.

"ಹೂಂ ಕಣೇ. ನನ್ನ ಬಾಯಿಂದಾನೇ ಹೇಳೋ ಹಾಗೆ ಮಾಡಿದ್ಯಲ್ಲ."

ಬೈಯಲೆಂದು ತಂಗಿ ಭಾವನ ಕಡೆ ತಿರುಗಿದಳು. ಅವನು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಬೈಯಲು ಯಾರೂ ಉಳಿದಿರಲಿಲ್ಲ. ಸಿಟ್ಟು ಮಾತ್ರ ಅಷ್ಟೂ ಹಾಗೆಯೇ ಇತ್ತು.