ಹತ್ತನೇ ನಂಬರಿನ ಅಂಗಿ

ಐದನೇ ಗೋಲು ಬಿದ್ದಾಗ ಬೇವಿನ ಮರದ ಕೆಳಗಿನ ಮಂದಿ ಕೂಗುವುದನ್ನೂ ಬಿಟ್ಟರು. ಸುರಪುರದ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಶಹಾಪುರದ ಸಗರನಾಡು ಯೂನಿಯನ್ನಿನ ಗೋಲ್‌ಕೀಪರ್ ಸುನೀಲಕುಮಾರ ಬಲೆಗೆ ಸಿಕ್ಕಿಕೊಂಡ ಚೆಂಡನ್ನು ಬಿಡಿಸುತ್ತ, ಬೇಕೆಂದೇ ತಡ ಮಾಡುತ್ತಿದ್ದ.

"ಇವ್ರು ಗೋಲ್ ತಿನ್ನೂವಂಗ ನೀವು ನನ್ನ ಮಿರ್ಚಿ ತಿಂದಿದ್ರ ಇಷ್ಟೊತ್ತಿಗಿ ಎರಡಂತಸ್ತಿನ ಮನಿ ಕಟ್ಟಸ್ತಿದ್ದೆ," ಎಂದಳು ಮರಿಲಿಂಗಮ್ಮ, ಕಾದೆಣ್ಣೆಯಿಂದ ಕಣ್ಣೆತ್ತದೆ.

ಯಾರೂ ನಗಲಿಲ್ಲ. ಗೋಣಿಚೀಲದ ಮೇಲೆ ಕಾಲು ಚಾಚಿ ಕೂತಿದ್ದ ಅಮರಪ್ಪ ಮಾತ್ರ ಎದ್ದು ನಿಂತ. ಕರೆಂಟಿನ ಲೈನ್‌ಮನ್ ಕೆಲಸದಿಂದ ನಿವೃತ್ತನಾದವನು, ಒಂದು ಕಾಲದಲ್ಲಿ ಇದೇ ತಂಡದ ಹತ್ತನೇ ನಂಬರಿನ ಆಟಗಾರ. ಮೊಣಕಾಲು ಕೈಕೊಟ್ಟಿದ್ದರೂ ದನಿ ಕೈಕೊಟ್ಟಿರಲಿಲ್ಲ.

"ಅಪ್ಪ ಆಡಿದ್ನಂತ ಮಗ ಆಡೂದು, ಕಾಕಾ ಆಡಿದ್ನಂತ ಅಣ್ಣನ ಮಗ ಆಡೂದು! ಇದು ಕ್ಲಬ್ಬೋ, ಹೊಲ ಮನಿ ಪಾಲೋ? ಹಂಪಣ್ಣ, ಸಾಕು ಮಾಡು!"

ಎದುರಿನ ಗೆರೆಯ ಹತ್ತಿರ ಒಂಟಿ ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷ ಹಂಪಣ್ಣ ಇತ್ತ ಕಣ್ಣು ಹಾಯಿಸಲಿಲ್ಲ. ಮರದ ಕೆಳಗಿನವರಿಗೆ ಮಾತ್ರ ಆ ಮಾತು ಬೆಂಕಿ ಕಡ್ಡಿ ಗೀರಿದಂತಾಯಿತು. "ಹಂಪಣ್ಣ ಇಳೀಲಿ! ಟೀಮ್ ಬದ್ಲಿ ಆಗ್ಲಿ!" ಎಂಬ ಕೂಗು ಆಟ ಮುಗಿದ ಮೇಲೂ ನಿಲ್ಲಲಿಲ್ಲ.

ಈ ಕ್ಲಬ್ಬಿನಲ್ಲಿ ಅಂಗಿ ಮನೆತನದ್ದು. ಆಡುವುದು ಬಿಟ್ಟವನು ತನ್ನ ನಂಬರಿನ ಅಂಗಿಯನ್ನು ಮಗನಿಗೋ ಅಣ್ಣತಮ್ಮಂದಿರ ಮಗನಿಗೋ ಕೊಡಬೇಕು. ಮೊದಲ ಆಟದ ದಿನ ತನ್ನ ಕೈಯಾರೆ ಅವನ ಹಣೆಗೆ ವಿಭೂತಿ ಹಚ್ಚಬೇಕು. ಅಂಗಿ ಇಲ್ಲದ ಮನೆಯ ಹುಡುಗ ಎಂಥ ಆಟಗಾರನಾದರೂ ಗೆರೆಯಾಚೆ ಕೂತು ನೀರಿನ ಬಾಟಲಿ ಕಾಯಬೇಕು. ಹತ್ತಿ ಮಿಲ್ಲಿನಲ್ಲಿ ಮೂಟೆ ಹೊರುವ ತಿರುಪತಿ ಎರಡು ವರ್ಷದಿಂದ ಹಾಗೆಯೇ ಕಾಯುತ್ತಿದ್ದ. ಸುರಪುರದ ಕಡೆಯ ಹಳ್ಳಿಯಿಂದ ಬಂದವನು. ಅಭ್ಯಾಸದ ಆಟದಲ್ಲಿ ಅವನ ಕಾಲಿನಿಂದ ಚೆಂಡು ಕಸಿದವರನ್ನು ಯಾರೂ ಕಂಡಿರಲಿಲ್ಲ.

ಟೈಲರ್ ನಿಂಗರಾಜ ಅಲ್ಲಿಯೇ ಅರ್ಜಿ ಬರೆದ. ಎರಡೇ ಸಾಲು. ಹಂಪಣ್ಣ ಅಧ್ಯಕ್ಷಗಿರಿ ಬಿಡಬೇಕು. ಮನೆತನ ನೋಡದೆ ಆಟ ನೋಡಿ ತಂಡ ಕಟ್ಟಬೇಕು.

"ಹಿರ್ಯಾರು ನೀವ. ಮೊದ್ಲ ದಸ್ಕತ್ತು ನಿಮ್ದಾಗ್ಲಿ ಕಾಕಾ," ಎಂದ.

ಅಮರಪ್ಪ ತನ್ನ ಹೆಸರನ್ನು ದೊಡ್ಡದಾಗಿ ಬರೆದು, ಕೆಳಗೊಂದು ಗೆರೆ ಎಳೆದ. ಅವನ ಕಣ್ಣ ಮುಂದಿದ್ದವನು ಹಂಪಣ್ಣನ ಅಣ್ಣನ ಮಗ ಸುನೀಲಕುಮಾರ, ಆ ಬಲೆ, ಆ ಐದು ಗೋಲು. ಅಂಗಳದಿಂದ ತಲೆ ತಗ್ಗಿಸಿ ಹೊರಬರುತ್ತಿದ್ದ ಹತ್ತನೇ ನಂಬರಿನ ಮಗನನ್ನು ಅವನು ನೋಡಿದ್ದು ಬೇರೆಯೇ ಕಣ್ಣಿನಿಂದ. "ಪಾಪ, ಪ್ರವೀಣಗ ಒಬ್ಬರೂ ನೆಟ್ಟಗ ಪಾಸ್ ಕೊಡಲಿಲ್ಲ," ಎಂದ ಪಕ್ಕದವರಿಗೆ. ಪಕ್ಕದವರು ಮಿರ್ಚಿ ತಿನ್ನುತ್ತಿದ್ದರು.

ಸೋಮವಾರ ಮುಂಜಾನೆ ಅರ್ಜಿ ಹಿಡಿದು ಅಮರಪ್ಪ ಗಂಜ್ ಮಾರುಕಟ್ಟೆಯಲ್ಲಿದ್ದ ಹಂಪಣ್ಣನ ಅಡತಿ ಅಂಗಡಿಗೆ ಹೋದ. ಹಂಪಣ್ಣ ಲಿಂಗಪೂಜೆ ಮುಗಿಸಿ ಆಗಷ್ಟೇ ಗಾದಿಯ ಮೇಲೆ ಕೂತಿದ್ದ. ಹಣೆಯ ವಿಭೂತಿ ಇನ್ನೂ ಹಸಿ ಇತ್ತು. ಇಬ್ಬರೂ ಒಂದೇ ತಂಡದಲ್ಲಿ ಒಂಬತ್ತು ವರ್ಷ ಆಡಿದವರು. ಚಹಾ ಬಂತು. ಹಂಪಣ್ಣ ಅರ್ಜಿಯನ್ನು ಎರಡು ಸಲ ಓದಿದ.

"ಖರೇ ಅದ," ಎಂದ.

ಜಗಳಕ್ಕೆ ಸಜ್ಜಾಗಿ ಬಂದಿದ್ದ ಅಮರಪ್ಪ ಎತ್ತಿದ ಚಹಾದ ಕಪ್ಪನ್ನು ಕೆಳಗಿಟ್ಟ.

"ಸುನೀಲನ್ನ ತೆಗೀತೀನಿ. ನಮ್ಮಣ್ಣ ನನ್ನ ಮನಿ ಬಾಗಲಾ ತುಳಿಯಂಗಿಲ್ಲ, ಆಗ್ಲಿ. ಮುಂದ?"

"ಮುಂದ ಏನು? ತಿರುಪತಿನ್ನ ಹಾಕು."

"ಎಲ್ಲಿ ಹಾಕ್ಲಿ? ಅಂವ ಆಡೂದು ಹತ್ತನೇ ನಂಬರಿನ ಜಾಗಾದಾಗ." ಹಂಪಣ್ಣ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. "ಮೂರು ವರ್ಷದಾಗ ನಿನ್ನ ಮಗ ಎಷ್ಟು ಗೋಲ್ ಹೊಡದಾನ ಹೇಳು ಅಮರಾ."

ಅಮರಪ್ಪನಿಗೆ ಲೆಕ್ಕ ಗೊತ್ತಿತ್ತು. ಒಂದು. ಅದೂ ಎದುರಾಳಿಯ ಬೆನ್ನಿಗೆ ಬಡಿದು ಒಳಹೋಗಿತ್ತು. ಆ ದಿನ ಅವನು ಇಡೀ ಓಣಿಗೆ ಪೇಢೆ ಹಂಚಿದ್ದ.

"ನಂಗ ಕುರ್ಚಿ ಆಸೆ ಇಲ್ಲೋ. ಬರೂ ಐತವಾರ ಯಾದಗಿರಿ ಕೂಡ ಆಟ ಅದ. ಹನ್ನೊಂದು ಮಂದಿ ಹೆಸ್ರು ನೀನ ಬರಿ. ಆಟ ನೋಡಿ ಬರದ್ರ ಅವತ್ತ ಕುರ್ಚಿ ಬಿಡ್ತೀನಿ. ಆಗಂಗಿಲ್ಲಂದ್ರ ಈ ಅರ್ಜಿ ಇಲ್ಲೇ ಹರಿ."

ಅಮರಪ್ಪ ಅರ್ಜಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಚಹಾ ಆರಿ ಕೆನೆಗಟ್ಟಿತ್ತು.

ಮನೆಯಲ್ಲಿ ಅಂಗಿ ದೇವರ ಮಾಡದ ಪಕ್ಕದ ಮೊಳೆಗೆ ತೂಗುತ್ತಿತ್ತು. ಹೆಂಡತಿ ಶಿವಬಸಮ್ಮ ಅದನ್ನು ಬೇರೆ ಬಟ್ಟೆಗಳ ಜೊತೆ ಎಂದೂ ಒಗೆಯುತ್ತಿರಲಿಲ್ಲ. ಅಮರಪ್ಪ ನಾಲ್ಕು ದಿನ ಆ ಮೊಳೆಯತ್ತ ನೋಡದೆ ಪೂಜೆ ಮಾಡಿದ. ನಾಲ್ಕು ದಿನ ಪೂಜೆಗೆ ಕೂತಾಗೆಲ್ಲ ಅವನಿಗೆ ಅದೊಂದೇ ಕಾಣಿಸಿತು. ತನ್ನ ಬಾಯಿಂದ ಬಂದ ಮಾತು, ತಾನೇ ಎಳೆದ ಗೆರೆ. ಶಿವನ ಮುಂದೆ ಕೂತವನು ಯಾರಿಗೆ ಸುಳ್ಳು ಹೇಳಬೇಕು?

ಶುಕ್ರವಾರ ಊಟದ ಹೊತ್ತಿಗೆ, ಅಂಗಿ ತಿರುಪತಿಗೆ ಕೊಡುವುದಾಗಿ ಹೇಳಿಬಿಟ್ಟ. ಪ್ರವೀಣಕುಮಾರ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

"ನೀನ ಹಾಕಸ್ದಿ. ಈಗ ನೀನ ತೆಗೀತಿ," ಎಂದ. "ನಡುವ ನನ್ನ ಯಾವಾಗರ ಕೇಳಿದ್ಯೇನಪಾ?"

"ಪ್ರವೀಣಾ, ಆಟ ಅಂದ ಮ್ಯಾಲ…"

"ನಂಗ ಆಟ ಬರಂಗಿಲ್ಲ ಅಂತ ನಂಗ ಗೊತ್ತದ. ಊರಿಗೆಲ್ಲ ಗೊತ್ತದ. ನಿಂಗಷ್ಟ ಗೊತ್ತಿದ್ದಿಲ್ಲ." ಕೈ ತೊಳೆದು ಎದ್ದು ಹೋದ. ಮುರಿದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಶಿವಬಸಮ್ಮ ಒಲೆಯ ಮುಂದಿನಿಂದ ಎದ್ದು, ಮೊಳೆಯಿಂದ ಅಂಗಿ ತೆಗೆದು, ನಾಲ್ಕು ಮಡಿಕೆ ಮಾಡಿ ಗಂಡನ ಮುಂದಿಟ್ಟಳು. "ಆ ಹುಡುಗ ತೆಳ್ಳಗದಾನ. ಹೆಗಲು ಸಡ್ಲ ಆಗ್ತದ," ಎಂದಳು.

ಐತವಾರ ಬೇವಿನ ಮರದ ಕೆಳಗೆ ಹಿಂದೆಂದೂ ಇಲ್ಲದಷ್ಟು ಮಂದಿ. ಅಮರಪ್ಪ ಹೆಸರಿನ ಚೀಟಿಯನ್ನು ಹಂಪಣ್ಣನ ಕೈಗಿತ್ತು, ಗೆರೆಯಾಚೆ ಕೂತಿದ್ದ ತಿರುಪತಿಯ ಬಳಿ ಹೋದ. ಹುಡುಗ ಗಾಬರಿಯಿಂದ ಎದ್ದು ನಿಂತ. ಅಂಗಿ ಹಿಡಿಯಲು ಎರಡೂ ಕೈ ಚಾಚಿದ.

"ಕಾಕಾ, ಅಂಗಿ ಸಾಕ್ರಿ. ವಿಭೂತಿ ಮನಿಯವ್ರಿಗಿ ಹಚ್ಚೂದಲ್ರೀ…"

"ಸುಮ್ನ ಬಗ್ಗು," ಎಂದ ಅಮರಪ್ಪ.

ಹುಡುಗ ಬಗ್ಗಿದ. ಮೂರು ಬೆರಳು ಹಣೆಯ ಮೇಲೆ ಹಾಯ್ದವು. ಮಂದಿಯಲ್ಲಿ ಯಾರೋ ಕೆಮ್ಮಿದರು. ಹಂಪಣ್ಣ ಚೀಟಿ ಓದಿದ, ಎದ್ದ, ಕುರ್ಚಿಯನ್ನು ಅಲ್ಲಿಯೇ ಬಿಟ್ಟು ಅಂಗಳ ಸುತ್ತಿ ಬಂದು ಅಮರಪ್ಪನ ಗೋಣಿಚೀಲದ ಮೇಲೆ ಕೂತ.

"ಸಾವ್ಕಾರ್ರು ಇಲ್ಲಿ ಕುಂತ್ರ ಬೈಯೂದು ಯಾರ್ನ?" ಎಂದಳು ಮರಿಲಿಂಗಮ್ಮ. ಈ ಸಲ ಎಲ್ಲರೂ ನಕ್ಕರು.

ಅರ್ಧ ಆಟ ಮುಗಿಯುವ ಹೊತ್ತಿಗೆ ಯಾದಗಿರಿ ಒಂದು ಗೋಲಿನಿಂದ ಮುಂದಿತ್ತು. ತಿರುಪತಿಯ ಒಂದು ಹೊಡೆತ ಗೋಲಿನ ಕಂಬಕ್ಕೆ ಬಡಿದು ಹೊರಬಂದಿತ್ತು. ಆಗ ಅಮರಪ್ಪನಿಗೆ ಮಗ ಕಂಡ. ಪ್ರವೀಣಕುಮಾರ ಯಾವಾಗಲೋ ಬಂದು, ಮರದಿಂದ ದೂರ, ಸೈಕಲ್‌ಗಳ ನಡುವೆ ಕೈ ಕಟ್ಟಿ ನಿಂತಿದ್ದ.

ಆಟ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೆ ಚೆಂಡು ಗೆರೆ ದಾಟಿ ಉರುಳುತ್ತ ಹೋಗಿ ಅವನ ಕಾಲ ಬಳಿಯೇ ಬಂತು. ಅವನು ಪಾದವಿಟ್ಟು ತಡೆದ. ಹತ್ತು ಮಾರು ದೂರದಲ್ಲಿ ತಿರುಪತಿ ನಿಂತ. ಸಡಿಲ ಅಂಗಿಯ ಒಂದು ಹೆಗಲು ಜಾರಿತ್ತು. ಅವನು ಚೆಂಡು ಕೇಳಲಿಲ್ಲ. ಮರದ ಕೆಳಗಿಂದ ಎಣ್ಣೆಯಲ್ಲಿ ಮಿರ್ಚಿ ಕರಿಯುವ ಸದ್ದಷ್ಟೇ ಬರುತ್ತಿತ್ತು.

ಪ್ರವೀಣಕುಮಾರ ಕೆಳಗೆ ನೋಡಿದ. ಕಾಲಡಿಯ ಚೆಂಡನ್ನು ತುಸು ಹಿಂದಕ್ಕೆಳೆದು, ಒಳಪಾದದಿಂದ ತಳ್ಳಿದ. ಅದು ಕಲ್ಲು ಕಡ್ಡಿಯ ನೆಲದ ಮೇಲೆ ಪುಟಿಯದೆ, ನೆಟ್ಟಗೆ ಹೋಗಿ ತಿರುಪತಿಯ ಪಾದಕ್ಕೆ ತಾಗಿ ನಿಂತಿತು.

ಹಂಪಣ್ಣ ಸೈಕಲ್‌ಗಳತ್ತ ಒಮ್ಮೆ ನೋಡಿ ಕೂತಲ್ಲೇ ಸ್ವಲ್ಪ ಸರಿದ. ಗೋಣಿಚೀಲದ ಮೇಲೆ, ಅವನಿಗೂ ಅಮರಪ್ಪನಿಗೂ ನಡುವೆ, ಒಬ್ಬರು ಕೂರುವಷ್ಟು ಜಾಗವಾಯಿತು.