ರನ್‌ವೇ ಕೆಳಗಿನ ಮನೆ

ಬ್ರಿಟಿಷರು ಮಾಲ್ಡೀವ್ಸ್‌ನ ಗನ್ ದ್ವೀಪ ಬಿಟ್ಟು ಹೋದ ಮೇಲಾದರೂ ಗಂಡ ತನ್ನವನಾಗುತ್ತಾನೆ ಎಂದುಕೊಂಡಿದ್ದಳು ಸನ್ಫಾ. ಮದುವೆಯಾದಾಗಿನಿಂದ ಜಾದುಲ್ಲಾ ಬ್ರಿಟಿಷರ ಸೇನಾ ವಿಮಾನ ನಿಲ್ದಾಣದಲ್ಲೇ ಕೆಲಸಕ್ಕಿದ್ದ. ರನ್‌ವೇಗೆ ಬಿಳಿ ಪಟ್ಟೆ ಬಳಿಯುವುದು, ದೀಪಗಳ ಗಾಜು ಒರೆಸುವುದು. ಸಂಜೆ ಪಕ್ಕದ ಫೇದೂ ದ್ವೀಪದ ಮನೆಗೆ ಬಂದರೂ ಬಾಯಲ್ಲಿ ಅದರದೇ ಜಪ. ಹೆಂಗಸರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಸವತಿಯಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು. ಬರೀ ನೆಲದ ಜೊತೆ ಜಗಳ ಆಡುವುದು ಹೇಗೆ?

ಕೊನೆಯ ವಿಮಾನವೂ ಹಾರಿಹೋಯಿತು. ಆದರೂ ಜಾದುಲ್ಲಾ ಬೆಳಗಾದರೆ ಸೈಕಲ್ ಹತ್ತಿ ಅಲ್ಲಿಗೇ ಹೊರಡುತ್ತಿದ್ದ. ಸಂಬಳವಿಲ್ಲ, ಕೇಳುವವರಿಲ್ಲ. ರನ್‌ವೇಯ ಬಿರುಕುಗಳಲ್ಲಿ ಹುಟ್ಟಿದ ಹುಲ್ಲು ಕೀಳುತ್ತಾನೆಂದು ತಿಳಿದ ದಿನ ಸನ್ಫಾಳ ಹೊಟ್ಟೆಗೆ ಬೆಂಕಿ ಬಿತ್ತು. ಒಣಗಿಸಲೆಂದು ಬೇಯಿಸಿಟ್ಟಿದ್ದ ಮೀನಿನ ಬುಟ್ಟಿ ಹೊತ್ತು, ಎರಡೂ ದ್ವೀಪ ಸೇರಿಸುವ ಸಮುದ್ರದ ಕಟ್ಟೆ ದಾಟಿ ನಡೆದೇಬಿಟ್ಟಳು.

"ಇಲ್ಯಾಕೆ ಬಂದೆ?" ಮಂಡಿಯೂರಿದ್ದ ಜಾದುಲ್ಲಾ ಗಾಬರಿಯಾದ.

"ನಿಮ್ಮ ರಾಣೀನ ನೋಡಕ್ಕೆ. ನಂಗೆ ಬೆನ್ನು ನೋವು ಅಂದ್ರೆ ಒಂದಿನ ಎಣ್ಣೆ ತಿಕ್ಕಿದೋರಲ್ಲ, ಇವಳಿಗೆ ಮಾತ್ರ ಈ ಸೇವೆ!"

"ಹುಚ್ಚೀ, ಇದು ನೆಲ ಕಣೇ."

"ನಾನು ಹುಟ್ಟಿದ ನೆಲ. ಇಲ್ಲಿನ ಒಂದೊಂದು ದೀಪಾನೂ ಗೊತ್ತಲ್ಲ ನಿಮಗೆ, ನಮ್ಮನೆ ಎಲ್ಲಿತ್ತು ಹೇಳಿ ನೋಡೋಣ?"

ಗನ್‌ನ ಜನರನ್ನೆಲ್ಲ ಎಬ್ಬಿಸಿ, ಮನೆ ಕೆಡವಿ, ತೆಂಗು ಕಡಿದು ಈ ನಿಲ್ದಾಣ ಮಾಡಿದ್ದು ಜಾದುಲ್ಲಾನಿಗೆ ಗೊತ್ತಿತ್ತು. ಹೆಂಡತಿಯ ಮನೆ ಎಲ್ಲಿತ್ತೆಂದು ಒಮ್ಮೆಯೂ ಕೇಳಿರಲಿಲ್ಲ.

ಸನ್ಫಾ ದಡದಿಂದ ಅಂದಾಜು ಹಿಡಿದು ನಡೆದಳು. ಮಸೀದಿಯ ದಾರಿ ಇಲ್ಲಿತ್ತು, ಅಲ್ಲಿ ಜೀಗುಜ್ಜೆ ಮರ, ಬಾವಿ... ಬಿಳಿ ಪಟ್ಟೆಯ ಮೇಲೆ ನಿಂತು, "ನಮ್ಮಮ್ಮನ ಒಲೆ ಇಲ್ಲಿತ್ತು" ಎಂದಳು. ಅಲ್ಲೇ ಮೀನು ಹರವಿದಳು.

"ಅಯ್ಯೋ, ಪಟ್ಟೆ ಮೇಲೆ ಬೇಡ ಕಣೇ! ವಾಸನೆ ಹಿಡಿಯತ್ತೆ!"

"ಹಿಡೀಲಿ."

ಸುದ್ದಿ ಹಬ್ಬಿತು. ಗನ್‌ನಲ್ಲಿ ಹುಟ್ಟಿದ ಹೆಂಗಸರು ಒಬ್ಬೊಬ್ಬರಾಗಿ ಬಂದು, ತಮ್ಮ ಮನೆಯಿದ್ದ ಜಾಗದಲ್ಲಿ ಮೀನು ಒಣಗಿಸತೊಡಗಿದರು. ಹಳೆಯ ನೆರೆಯವಳಾದ ಕಂಬುಲೋ ತನ್ನ ಮೀನಿನ ಚಾಪೆಯನ್ನು ಸನ್ಫಾಳ ಕಡೆಗೆ ತುಸು ಈಚೆಗೇ ಹಾಸಿದಳು.

"ಬೇಲಿ ದಾಟಿ ಬಂದಿದೀಯ, ಹಿಂದಕ್ಕೆ ಎಳ್ಕೋ!" ಎಂದು ಸನ್ಫಾ ಕಿರುಚಿದಳು.

"ಯಾವ ಬೇಲೀನೇ? ಒತ್ತುವರಿ ಮಾಡಿದ್ದೇ ನಿಮ್ಮಮ್ಮ!"

ಇಲ್ಲದ ಬೇಲಿಗೆ ಇಬ್ಬರೂ ಗಂಟಲು ಹರಿದುಕೊಳ್ಳುವುದನ್ನು ಕಂಡು ಜಾದುಲ್ಲಾ ಹೊಟ್ಟೆ ಹಿಡಿದು ನಕ್ಕ. ವಿಮಾನಗಳು ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಸಂಜೆ ಸೈಕಲ್ಲಿನ ಹಿಂದೆ ಕೂತ ಸನ್ಫಾ ಅವನ ಬೆನ್ನು ತಿವಿದಳು.

"ಕಂಬುಲೋನ ನೋಡ್ಕೊಂಡು ಅಷ್ಟೊಂದು ನಗ್ತಿದ್ರಲ್ಲ, ಏನ್ ಸಮಾಚಾರ?"