ಹೆತ್ತವನ ಪರ

ಮೈಗೆ ಸುತ್ತಿದ್ದ ಟೋಗಾ ಮತ್ತೆ ಹೆಗಲಿನಿಂದ ಜಾರಿತು. ಟ್ರೆಬಿಯಸ್ ಅದನ್ನು ಎಳೆದುಕೊಂಡು, ತನ್ನ ವಾಸನೆ ಪಕ್ಕದವರಿಗೆ ಬಡಿಯುತ್ತಿದೆಯೇನೋ ಎಂದು ಬೆಂಚಿನ ತುದಿಗೆ ಸರಿದ. ಉಪ್ಪುಮೀನು ಮಾರುವವನು ಎಷ್ಟು ಮಿಂದರೂ ಅಷ್ಟೇ. ಮಗನ ಭಾಷಣ ಕೇಳುತ್ತಿರುವುದು ಇದೇ ಮೊದಲು, ಅದಕ್ಕೂ ತಡವಾಗಿ ಬಂದಿದ್ದ. ಮೇಷ್ಟ್ರು ಆಗಲೇ ಮೊಕದ್ದಮೆ ಓದಿ ಮುಗಿಸಿದ್ದರು. ಭಾಷಣಕಲೆ ಕಲಿಸುವ ಈ ಶಾಲೆಯ ಮೊಕದ್ದಮೆಗಳೆಲ್ಲ ಕಟ್ಟುಕಥೆ, ಯಾರ ಪರ ಮಾತಾಡಬೇಕೆಂದು ಹೇಳುವವರು ಮೇಷ್ಟ್ರು ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು?

ಮಗ ಕೈಸೋ ಎದ್ದು ಬಲಗೈ ಮುಂದೆ ಚಾಚಿದ.

"ಸಾಕಿದವನೇ, ಬೀದಿಯಲ್ಲಿ ಬಿದ್ದಿದ್ದ ನನ್ನನ್ನು ಎತ್ತಿಕೊಂಡೆ, ನಿಜ. ಆದರೆ ಆ ಮಾತನ್ನು ನನಗೆ ಹೇಳಿದೆಯಾ? ಪ್ರತಿ ತುತ್ತಿನ ಜೊತೆ ಸುಳ್ಳನ್ನೂ ಉಣಿಸಿದೆ! ಹೆತ್ತವನು ಬಾಗಿಲಲ್ಲಿ ನಿಂತಿದ್ದಾನೆ. ನನ್ನನ್ನು ಬಿಟ್ಟುಕೊಡು!"

ಟ್ರೆಬಿಯಸ್ ಬೆಂಚಿನ ಅಂಚು ಹಿಡಿದುಕೊಂಡ. ಇದು ಗೊತ್ತಿದ್ದದ್ದು ತನಗೆ, ತೀರಿಕೊಂಡ ಹೆಂಡತಿ ಗಲ್ಲಾಗೆ, ಅಂದು ಮಗು ಎತ್ತಿಕೊಂಡಿದ್ದನ್ನು ಕಂಡಿದ್ದ ರೊಟ್ಟಿಯಂಗಡಿ ಮುದುಕಿಗೆ ಮಾತ್ರ. ಅವಳೇ ಬಾಯಿಬಿಟ್ಟಿರಬೇಕು, ಹಾಳಾದವಳು! ಎದ್ದ, ಕೂತ. ಹೆತ್ತವನೊಬ್ಬ ನಿಜವಾಗಿಯೂ ಬಂದುಬಿಟ್ಟನೇ? ಹುಡುಗ ಸಂಜೆ ಮನೆಗೆ ಬರುತ್ತಾನೋ ಇಲ್ಲವೋ! ಇನ್ನು ತಡೆಯಲಾಗದೆ ಮತ್ತೆ ಎದ್ದ.

"ಹೇಳ್ಬೇಕು ಅಂತಾನೇ ಇದ್ದೆ ಕಣೋ!" ಎಂದು ಕೂಗಿಬಿಟ್ಟ. "ನಿಮ್ಮವ್ವ ಬೇಡ ಅಂತ ಕೈ ಹಿಡ್ಕೊಂಡ್ಳು. ತರಕಾರಿ ಪೇಟೆ ಕಂಬದ ಬುಡದಲ್ಲಿ ಸಿಕ್ಕಾಗ ನಿಂಗೆ ಅಳೋಕೂ ತ್ರಾಣ ಇರ್ಲಿಲ್ಲ. ಆಗೆಲ್ಲಿದ್ದ ಅವನು? ಬರ್ಲಿ, ನೋಡ್ತೀನಿ. ನಾನು ಕೊಡಲ್ಲ!"

ಎಲ್ಲರೂ ಅವನತ್ತ ತಿರುಗಿದರು. ಆಮೇಲೆ ಹಿಂದಿನ ಸಾಲಿನಿಂದ ಚಪ್ಪಾಳೆ ಎದ್ದಿತು.

"ಭಲೇ ಕೈಸೋ! ಅಪ್ಪಂಗೂ ಬಾಯಿಪಾಠ ಮಾಡ್ಸಿ ಕರ್ಕೊಂಡ್ ಬಂದಿದ್ದೀಯಲ್ಲೋ!" ಎಂದು ಸಹಪಾಠಿಯೊಬ್ಬ ಕಿರುಚಿದ. ಮೇಷ್ಟ್ರೂ ಮೆಚ್ಚಿ ತಲೆದೂಗಿದರು.

ಪಕ್ಕದಲ್ಲಿದ್ದವನು ನಗುತ್ತಾ ಟ್ರೆಬಿಯಸ್‌ನ ಟೋಗಾ ಜಗ್ಗಿದ. "ಚೆನ್ನಾಗಿ ಮಾಡಿದ್ರಿ ಯಜಮಾನ್ರೇ, ಕೂತ್ಕೊಳ್ಳಿ. ನಾಳೆ ನಿಮ್ಮ ಹುಡುಗ ಸಾಕಿದವನ ಪರ ವಾದಿಸ್ತಾನೆ. ಮೇಷ್ಟ್ರು ಎರಡೂ ಪಕ್ಷ ಮಾಡಿಸ್ತಾರೆ."

"ಎರಡೂ ಪಕ್ಷಾನಾ?"

"ಕಥೆ ಅಲ್ವಾ ಸ್ವಾಮಿ!"

ಟ್ರೆಬಿಯಸ್ ಬೆಂಚಿನ ಮೇಲೆ ಕೂತ. ಆಡಿದ ಮಾತನ್ನು ಬಾಚಿ ಮತ್ತೆ ಬಾಯಿಗೆ ತುಂಬಿಕೊಳ್ಳುವಂತಿದ್ದರೆ! ನಗಲು ನೋಡಿದ, ಆಗಲಿಲ್ಲ. ಇಡೀ ಕೋಣೆ ನಗುತ್ತಿತ್ತು, ಕೈಸೋ ಒಬ್ಬ ನಗಲಿಲ್ಲ. ಅಪ್ಪನಿಗೆ ಕಥೆ ಕಟ್ಟಲು ಬರುವುದಿಲ್ಲವೆಂಬುದು ಅವನಿಗಲ್ಲದೆ ಮತ್ತಾರಿಗೆ ಗೊತ್ತು?

ಚಾಚಿದ ಕೈ ಚಾಚಿದಂತೆಯೇ ಇತ್ತು.

"ಅಪ್ಪಾ," ಎಂದ. ಭಾಷಣದ ದನಿ ಎಲ್ಲೋ ಹೋಗಿತ್ತು. "ಯಾವ ಕಂಬ?"